ಮನೆಯ ಗಣಕಯಂತ್ರಕ್ಕೆ ತಗಲುವ ಕಾಣದ ಉಪದ್ರವ

ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಮನೆಯಲ್ಲಿ ಗಣಕಯಂತ್ರವನ್ನಿಟ್ಟುಕೊಂಡಿದ್ದವರಿಗೆಲ್ಲ ಒಂದು ಅನುಭವವಿರಬೇಕು. ಮೇಜಿನ ಮೇಲೆ ಯಂತ್ರದ ಧ್ವನಿಪೆಟ್ಟಿಗೆ, ಅದರ ಮಗ್ಗುಲಲ್ಲಿ ಮೊಬೈಲು. ಮೊಬೈಲು ಕೂಗುವುದಕ್ಕೆ ಎರಡು ಕ್ಷಣ ಮುಂಚಿತವಾಗಿಯೇ ಪೆಟ್ಟಿಗೆಯೊಳಗೆ ಟರ್ ಟರ್ ಎಂದು ಸದ್ದಾಗುತ್ತಿದ್ದಿತು. ಮನೆಯ ಮಕ್ಕಳು “ಈಗ ಫೋನು ಬರುತ್ತದೆ, ನೋಡುತ್ತಿರಿ” ಎಂದು ಭವಿಷ್ಯ ನುಡಿಯುತ್ತಿದ್ದರು, ಭವಿಷ್ಯವು ಸುಳ್ಳಾಗುತ್ತಿರಲಿಲ್ಲ. ಇದರಲ್ಲಿ ದೈವಜ್ಞತೆ ಏನೂ ಇಲ್ಲ. ಆ ತರದ ಮೊಬೈಲು ತನ್ನ ಗೋಪುರದೊಡನೆ ಮಾತನಾಡುವಾಗ ರೇಡಿಯೋ ತರಂಗವನ್ನು ಎಡೆಬಿಡದೆ ಕಳುಹಿಸದೆ ಸೆಕೆಂಡಿಗೆ ೨೧೭ ಸಲದಂತೆ ಮಿಡಿಮಿಡಿದು ಕಳುಹಿಸುವುದು. ಹತ್ತಿರದಲ್ಲಿದ್ದ ಪೆಟ್ಟಿಗೆಯ ತಂತಿಯು, ತನ್ನನ್ನು ಯಾರೂ ಕರೆಯದಿದ್ದರೂ, ಆ ಮಿಡಿತವನ್ನು ಹಿಡಿದು ನಮ್ಮ ಕಿವಿಗೆ ಮುಟ್ಟಿಸುತ್ತಿದ್ದಿತು.

ಇದಕ್ಕೆ ಈಗಿನ ಪಠ್ಯಪುಸ್ತಕಗಳಲ್ಲಿ ವಿದ್ಯುತ್ಕಾಂತೀಯ ವ್ಯತಿಕರಣವೆಂದು ಹೆಸರು. ಹೆಸರು ಉದ್ದವಾದರೂ ಅನ್ವರ್ಥವಾಗಿದೆ. ಸಂಸ್ಕೃತದಲ್ಲಿ ವ್ಯತಿಕರವೆಂಬ ಶಬ್ದಕ್ಕೆ ಒಂದರೊಡನೊಂದು ಬೆರೆಯುವುದೆಂಬ ಅರ್ಥವೂ ಉಂಟು, ವಿಪತ್ತೆಂಬ ಅರ್ಥವೂ ಉಂಟು. ಇಲ್ಲಿ ಬೆರೆಯಬಾರದುದು ಬೆರೆತದ್ದರಿಂದಲೇ ವಿಪತ್ತು. ನಾವಾದರೋ ಜೀವಮಾನವೆಲ್ಲ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವರೇ ಹೊರತು ವಿದ್ಯುಚ್ಛಾಸ್ತ್ರವನ್ನು ಬೋಧಿಸಿದವರಲ್ಲ. ಆದರೂ ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯ ಮನೆಗಳಲ್ಲಿ ಈ ಉಪದ್ರವವನ್ನು ಕಂಡು ಕೇಳಿ, ಬಲ್ಲವರನ್ನು ವಿಚಾರಿಸಿ ತಿಳಿದುಕೊಂಡುದನ್ನು ನಮ್ಮ ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ. ಮಕ್ಕಳ ಪಾಠ, ಪರೀಕ್ಷೆಯ ಅರ್ಜಿ, ಜಮೀನಿನ ಪಹಣಿ, ನಮ್ಮಂಥ ಪಿಂಚಣಿದಾರರು ಇನ್ನೂ ಬದುಕಿದ್ದೇವೆಂಬ ಪ್ರಮಾಣಪತ್ರ, ಇವೆಲ್ಲವೂ ಈಗ ಮನೆಯ ಈ ಯಂತ್ರದ ಮೂಲಕವೇ ನಡೆಯಬೇಕಾಗಿರುವಾಗ ಇದನ್ನು ಕೇವಲ ಶ್ರೀಮಂತರ ತಲೆನೋವೆಂದು ತಳ್ಳಿಹಾಕುವಂತಿಲ್ಲ.

ಮೊದಲು ಇದರ ಮೂಲವನ್ನು ಸ್ವಲ್ಪ ನೋಡೋಣ. ೧೮೨೦ರಲ್ಲಿ ಡೆನ್ಮಾರ್ಕಿನ ಓರ್‌ಸ್ಟೆಡ್ ಎಂಬ ಪಂಡಿತನು ವಿದ್ಯುತ್ತು ಹರಿಯುವ ತಂತಿಯ ಬಳಿಯಲ್ಲಿ ದಿಕ್ಸೂಚಿಯ ಮುಳ್ಳು ಅಲುಗುವುದನ್ನು ಕಂಡನು. ೧೮೩೧ರಲ್ಲಿ ಇಂಗ್ಲೆಂಡಿನ ಫ್ಯಾರಡೆಯು ಇದರ ವಿಲೋಮವನ್ನು ಸಾಧಿಸಿದನು: ಒಂದು ತಂತಿಯ ಸುರುಳಿಯಲ್ಲಿ ವಿದ್ಯುತ್ತು ಏರಿದರೆ ಇಲ್ಲವೆ ಇಳಿದರೆ, ಅದನ್ನು ಮುಟ್ಟದೆ ಪಕ್ಕದಲ್ಲಿರುವ ಇನ್ನೊಂದು ಸುರುಳಿಯಲ್ಲಿಯೂ ವಿದ್ಯುತ್ತು ಹುಟ್ಟುವುದು. ಏರಿಳಿತವು ಎಷ್ಟು ಹಠಾತ್ತಾದರೆ ಪ್ರಭಾವವು ಅಷ್ಟು ಬಲವಾದುದು. ಪಂಪಿನ ಸ್ಟಾರ್ಟರಿನಲ್ಲಿ, ಬೆಸುಗೆಯ ಅಂಗಡಿಯಲ್ಲಿ, ಸಡಿಲವಾದ ಸ್ವಿಚ್ಚಿನಲ್ಲಿ ಕಿಡಿ ಹಾರಿದಾಗ ಆಗುವುದು ಇದೇ ಹಠಾತ್ತಾದ ಏರಿಳಿತ. ೧೮೮೭-೮೮ರಲ್ಲಿ ಜರ್ಮನಿಯ ಹರ್ಟ್ಸ್ ಎಂಬಾತನು ರೇಡಿಯೋ ತರಂಗಗಳನ್ನು ಮೊದಲು ಹುಟ್ಟಿಸಿ ತೋರಿಸಿದುದೂ ಕಿಡಿಯಿಂದಲೇ. ಹೀಗೆ ನೋಡಿದರೆ, ಕಿಡಿ ಹಾರಿಸುವ ಪ್ರತಿಯೊಂದು ಸ್ಟಾರ್ಟರೂ ಅಪ್ಪಣೆಯಿಲ್ಲದ ಒಂದು ಸಣ್ಣ ಆಕಾಶವಾಣಿ ನಿಲಯವೇ ಸರಿ.

ಉಪದ್ರವವು ಗಣಕಯಂತ್ರಕ್ಕೆ ಬರುವ ದಾರಿಗಳು ಎರಡು: ತಂತಿಯ ಮೂಲಕ ಒಂದು, ಆಕಾಶದ ಮೂಲಕ ಇನ್ನೊಂದು. ಆಕಾಶದಲ್ಲಿ ಬಂದುದು ದೂರವಾದಂತೆ ಬೇಗನೆ ಕ್ಷೀಣಿಸುವುದು. ತಂತಿಯಲ್ಲಿ ಬಂದುದು ಬಹುದೂರದಿಂದಲೂ ಬರಬಲ್ಲುದು. ಇನ್ನು ಉದ್ದವಾದ ತಂತಿಯೇ ಆಕಾಶದಲ್ಲಿದ್ದುದನ್ನು ಹಿಡಿದು ಒಳಕ್ಕೆ ತರುವುದೂ ಉಂಟು. ಇದು ಎರಡೂ ದಾರಿ ಕೂಡಿದ ಸಂಕರ.

ನಮ್ಮ ಸೀಮೆಯಲ್ಲಿ ಇದು ಹೆಚ್ಚಾಗಿ ಕಾಣುವುದಕ್ಕೆ ಕಾರಣ ತೋಟ. ಕಡೂರಿನ ತೆಂಗಾಗಲಿ ತರೀಕೆರೆ ಅಜ್ಜಂಪುರಗಳ ಅಡಿಕೆಯಾಗಲಿ ಬಹುಮಟ್ಟಿಗೆ ಕೊಳವೆಬಾವಿಯನ್ನು ನಂಬಿಕೊಂಡಿದೆ. ಪಂಪಿಗೆ ಬೇಕಾದ ತ್ರೀಫೇಸ್ ವಿದ್ಯುತ್ತು ದಿನಕ್ಕೆ ಕೆಲವು ಗಂಟೆಗಳ ಕಾಲ ಮಾತ್ರ ಬರುವುದು. ಅದೂ ಕೆಲವು ದಿನ ಹಗಲು, ಕೆಲವು ದಿನ ರಾತ್ರಿ. ಅದಕ್ಕಾಗಿ ಕಾದು ಕೂರಲಾರದೆ ರೈತರು ತಾನಾಗಿಯೇ ಪಂಪನ್ನು ಹೊರಡಿಸುವ ಆಟೋ ಸ್ಟಾರ್ಟರನ್ನು ಹಾಕಿಸಿಕೊಂಡಿದ್ದಾರೆ. ಇದರ ಫಲವೇನೆಂದರೆ, ಕರೆಂಟು ಬಂದ ಕ್ಷಣದಲ್ಲಿ ಒಂದು ಬಯಲಿನ ಪಂಪುಗಳೆಲ್ಲವೂ ಓಟಕ್ಕೆ ನಿಂತ ಹುಡುಗರಂತೆ ಒಟ್ಟಿಗೆ ಹೊರಡುತ್ತವೆ. ಮೋಟಾರು ಹೊರಡುವಾಗ ನಡೆಯುವಾಗಿನದಕ್ಕಿಂತ ಹಲವು ಪಟ್ಟು ವಿದ್ಯುತ್ತನ್ನು ಎಳೆಯುವುದರಿಂದ ವೋಲ್ಟೇಜು ಕುಸಿಯುವುದು. ಸ್ಟಾರ್ಟರುಗಳ ಕಿಡಿಯಿಂದ ತರಂಗವೂ ಹೊರಡುವುದು. ‘ನಿರಂತರ ಜ್ಯೋತಿ’ ಯೋಜನೆಯಲ್ಲಿ ಊರಿನ ಮನೆಗಳ ಮಾರ್ಗವನ್ನು ಪಂಪುಗಳ ಮಾರ್ಗದಿಂದ ಬೇರ್ಪಡಿಸಿದ ಕಡೆಗಳಲ್ಲಿ ಊರೊಳಗಿನವರಿಗೆ ಈ ಬಾಧೆ ಕಡಿಮೆ. ತೋಟದೊಳಗೇ ಮನೆ ಕಟ್ಟಿಕೊಂಡವರಿಗೆ ಅದು ತಪ್ಪಿಲ್ಲ.

ಅಂಥ ಒಂದು ಮನೆಯ ಸಂಗತಿಯನ್ನು ಇಲ್ಲಿ ಹೇಳಬೇಕು. ಅಜ್ಜಂಪುರದಿಂದ ಶಿವನಿಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಪರಿಚಿತರದೊಂದು ತೋಟದ ಮನೆ. ೨೦೨೦ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲವೂ ಪರದೆಯ ಮೇಲೆ ನಡೆಯುತ್ತಿದ್ದ ಕಾಲ. ಮನೆಯ ಹುಡುಗಿ ಹತ್ತನೆಯ ತರಗತಿ. ಅಂತರ್ಜಾಲವು ಹಳೆಯ ತಾಮ್ರದ ದೂರವಾಣಿ ತಂತಿಯ ಮೂಲಕ ಬರುತ್ತಿದ್ದಿತು. ಗಣಿತದ ಪಾಠ ಆರಂಭವಾದ ಸ್ವಲ್ಪ ಹೊತ್ತಿಗೆ ಸಂಪರ್ಕವು ಕಡಿದುಹೋಗುವುದು, ಹತ್ತು ನಿಮಿಷಕ್ಕೆ ಬರುವುದು, ಮತ್ತೆ ಹೋಗುವುದು. ಮೋಡೆಮ್ಮನ್ನು ಎರಡು ಸಲ ಬದಲಾಯಿಸಿದರು. ಯಂತ್ರವನ್ನು ತರೀಕೆರೆಗೆ ಹೊತ್ತೊಯ್ದು ತೋರಿಸಿದರೆ ಅಲ್ಲಿ ಅದಕ್ಕೆ ಯಾವ ರೋಗವೂ ಇಲ್ಲ. ಕಟ್ಟಕಡೆಗೆ ತಂದೆಗೆ ಬಂದ ಸಂಶಯವೇ ಬೇರೆ: ಗಣಿತಕ್ಕೆ ಅಂಜಿ ಹುಡುಗಿಯೇ ತಂತಿಯನ್ನು ಕೀಳುತ್ತಿರಬೇಕೆಂದು! ಮಗು ಎರಡು ದಿನ ಊಟ ಬಿಟ್ಟು ಅತ್ತಿತಂತೆ. ನಾವು ಹಳೆಯ ಮೇಷ್ಟರೆಂಬ ಸಲುಗೆಯಿಂದ ಆಕೆಯ ಅಜ್ಜಿ ನಮಗೆ ಹೇಳಿಕಳುಹಿಸಿದರು.

ನಮಗೆ ತಿಳಿದ ಉಪಾಯ ಒಂದೇ, ಅದು ತರ್ಕಶಾಸ್ತ್ರದ್ದು. ಒಂದಿದ್ದಾಗ ಇನ್ನೊಂದಿರುವುದು ಅನ್ವಯ. ಅದಿಲ್ಲದಾಗ ಇದೂ ಇಲ್ಲದಿರುವುದು ವ್ಯತಿರೇಕ. ಇವೆರಡೂ ಕೂಡಿದ ಹೊರತು ಕಾರಣವನ್ನು ನಿಶ್ಚಯಿಸತಕ್ಕದ್ದಲ್ಲ. ಅನ್ವಯವೊಂದನ್ನೇ ನಂಬಿದರೆ ಕಾಗೆ ಕೂತಾಗ ತಾಳೆಯ ಹಣ್ಣು ಬಿದ್ದ ಕಾಕತಾಲೀಯವಾದೀತು. ಹುಡುಗಿಯ ಕೈಗೆ ಒಂದು ಹಳೆಯ ಲೆಕ್ಕದ ಪುಸ್ತಕವನ್ನು ಕೊಟ್ಟು, ಸಂಪರ್ಕ ಹೋದ ವೇಳೆ, ಬಂದ ವೇಳೆ, ಆಗ ಮನೆಯಲ್ಲಿಯೂ ತೋಟದಲ್ಲಿಯೂ ಏನೇನು ನಡೆಯುತ್ತಿತ್ತು ಎಂಬುದನ್ನು ಬರೆದಿಡುವಂತೆ ಹೇಳಿದೆವು. ಒಂದು ವಾರ ಬರೆದಳು. ತ್ರೀಫೇಸ್ ಬಂದ ವೇಳೆಗೂ ಸಂಪರ್ಕ ಕಡಿದ ವೇಳೆಗೂ ತಾಳೆಯಾಯಿತು. ಅನ್ವಯ ಸಿಕ್ಕಿತು. ವ್ಯತಿರೇಕವು ಮುಂದಿನ ವಾರ ತಾನಾಗಿಯೇ ದೊರೆಯಿತು: ಕರೆಂಟಿನ ಸರದಿ ಹಗಲಿನಿಂದ ರಾತ್ರಿಗೆ ತಿರುಗಿದೊಡನೆ ಬೆಳಗಿನ ಗಣಿತದ ಪಾಠ ನಿರಾತಂಕವಾಗಿ ನಡೆಯಿತು. ಹುಡುಗಿಯ ಮೇಲಿನ ಅಪವಾದವು ಅಲ್ಲಿಗೆ ಕಳೆಯಿತು. ತಂದೆ ಬಾಯಲ್ಲಿ ಏನೂ ಹೇಳಲಿಲ್ಲ. ಮಾರನೆಯ ದಿನ ತಾವೇ ಪುಸ್ತಕ ಹಿಡಿದು ವೇಳೆ ಬರೆಯಲಾರಂಭಿಸಿದರು.

ಇನ್ನುಳಿದದ್ದು ಯಾವ ಪಂಪು ಎಂಬ ಪ್ರಶ್ನೆ. ಇದಕ್ಕೆ ಬ್ಯಾಟರಿಯಿಂದ ನಡೆಯುವ ಒಂದು ಸಣ್ಣ ಮಧ್ಯಮ ತರಂಗದ ರೇಡಿಯೋ ಸಾಕಾಯಿತು. ತಾಮ್ರದ ತಂತಿಯ ಅಂತರ್ಜಾಲವು ಬಳಸುವ ಆವರ್ತನಗಳಲ್ಲಿ ಬಹುಭಾಗ ಮಧ್ಯಮ ತರಂಗದ ರೇಡಿಯೋ ಆವರ್ತನಗಳೇ ಆಗಿರುವುದರಿಂದ, ಒಂದಕ್ಕೆ ಕೇಡಾದುದು ಇನ್ನೊಂದರ ಕಿವಿಗೆ ಬೀಳುವುದು. ೧೯೬೫ರಲ್ಲಿ ಸ್ಥಾಪಿತವಾದ ಭದ್ರಾವತಿಯ ಆಕಾಶವಾಣಿಯನ್ನು ಕೇಳುತ್ತ ಬೆಳೆದ ನಮ್ಮ ಕಡೆಯವರಿಗೆ ಈ ರೇಡಿಯೋದ ಕರಕರವನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಯಾವ ನಿಲಯವೂ ಇಲ್ಲದ ಎಡೆಗೆ ಮುಳ್ಳನ್ನು ತಿರುಗಿಸಿ, ರೇಡಿಯೋವನ್ನು ಕೈಯಲ್ಲಿ ಹಿಡಿದು ನಡೆಯಬೇಕು. ಸದ್ದು ಹೆಚ್ಚಿದತ್ತ ಹೋಗಬೇಕು. ಹೋದೆವು. ಅದು ಬೇಲಿಯಾಚೆಯ ದಾಯಾದಿಯ ಪಂಪಿನ ಮನೆಗೆ ಮುಟ್ಟಿಸಿತು.

ವಾಚಕರು ನಂಬಲಿ ಬಿಡಲಿ, ಇಷ್ಟು ಕಾರ್ಯದಲ್ಲಿ ಕಷ್ಟವಾದುದು ಇದೊಂದೇ. ಎರಡು ಮನೆಗಳಿಗೂ ಪಾಲುಪಟ್ಟಿಯ ಕಾಲದಿಂದ ಮಾತಿಲ್ಲ. “ನಿಮ್ಮ ಪಂಪಿನಿಂದ ನಮ್ಮ ಗಣಕಯಂತ್ರ ಕೆಡುತ್ತದೆ” ಎಂದರೆ ಯಾವ ರೈತನು ತಾನೆ ಒಪ್ಪಿಯಾನು? ನಾವು ಅಜ್ಜಿಯನ್ನು ಮುಂದೆ ಮಾಡಿಕೊಂಡು ಹೋಗಿ, ಹುಡುಗಿಯ ಪುಸ್ತಕವನ್ನು ತೋರಿಸಿ, ಹತ್ತು ನಿಮಿಷ ಮಾತ್ರ ಪಂಪನ್ನು ನಿಲ್ಲಿಸಿ ಹೊರಡಿಸುವಂತೆ ಕೇಳಿಕೊಂಡೆವು. ಆತನ ಮಗನೂ ಅದೇ ತರಗತಿಯವನಾಗಿದ್ದುದು ನಮ್ಮ ಪುಣ್ಯ. ಸ್ಟಾರ್ಟರಿನ ಮುಚ್ಚಳವನ್ನು ತೆಗೆಸಿ ನೋಡಿದಾಗ ಒಳಗಿನ ಸ್ಪರ್ಶಬಿಂದುಗಳು ಸುಟ್ಟು ಕರಿಯಾಗಿ, ಪಂಪು ನಡೆಯುವಷ್ಟು ಹೊತ್ತೂ ಬಿಟ್ಟು ಬಿಟ್ಟು ಕಿಡಿ ಕಾರುತ್ತಿದ್ದವು. ಹಾಗೆಯೇ ಬಿಟ್ಟಿದ್ದರೆ ಒಂದು ದಿನ ಆತನ ಮೋಟಾರೇ ಸುಡುತ್ತಿದ್ದಿತೆಂದು ವೈರಿಂಗಿನವನು ಹೇಳಿದನು. ದೂರವಾಣಿಯ ತಂತಿಯಾದರೋ ಅರವತ್ತು ಗಜದಷ್ಟು ದೂರ ಪಂಪಿನ ಕೇಬಲಿನ ಕಂಬಗಳ ಮೇಲೆಯೇ ಅದಕ್ಕೆ ಸಮಾನಾಂತರವಾಗಿ ಬಂದಿದ್ದಿತು. ಬಿಂದುಗಳನ್ನು ಬದಲಾಯಿಸಿ, ದೂರವಾಣಿಯ ತಂತಿಯನ್ನು ಬೇರೆ ಕಂಬಗಳಿಗೆ ಸರಿಸಿ, ದಾಟಬೇಕಾದ ಕಡೆ ಕೇಬಲಿಗೆ ಅಡ್ಡಲಾಗಿ ದಾಟಿಸಿದರು. ಒಂದರ ಪಕ್ಕದಲ್ಲೊಂದು ಓಡುವ ತಂತಿಗಳು ಉಪದ್ರವವನ್ನು ಹಂಚಿಕೊಳ್ಳುತ್ತವೆ; ಅಡ್ಡ ಹಾದವು ಬಹುಮಟ್ಟಿಗೆ ಹಂಚಿಕೊಳ್ಳುವುದಿಲ್ಲ.

ಇಂಥದು ನಮ್ಮ ಹಳ್ಳಿಗಳಲ್ಲಿ ಮಾತ್ರ ನಡೆಯುವುದೆಂದು ಯಾರೂ ಸಂಕೋಚಪಡಬೇಕಾದುದಿಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಅಬರ್‌ಹೋಸನ್ ಎಂಬ ಹಳ್ಳಿಯಿದೆ. ಅಲ್ಲಿ ಒಂದೂವರೆ ವರ್ಷ ಕಾಲ ಪ್ರತಿದಿನವೂ ಬೆಳಗ್ಗೆ ಏಳು ಗಂಟೆಗೆ ಹಳ್ಳಿಗೆ ಹಳ್ಳಿಯ ಅಂತರ್ಜಾಲವೇ ಕುಸಿಯುತ್ತಿದ್ದಿತು. ಕೇಬಲುಗಳನ್ನು ಬದಲಾಯಿಸಿದರೂ ಗುಣ ಕಾಣಲಿಲ್ಲ. ಕೊನೆಗೆ ಇಂಜಿನಿಯರುಗಳು ತರಂಗಮಾಪಕವನ್ನು ಹಿಡಿದು ಮುಂಜಾನೆ ಮಳೆಯಲ್ಲಿ ಬೀದಿ ಬೀದಿ ತಿರುಗಿ ಪತ್ತೆ ಹಚ್ಚಿದರು: ಒಬ್ಬರ ಮನೆಯ ಹಳೆಯ ಟೆಲಿವಿಷನ್ ಪೆಟ್ಟಿಗೆ! ಅವರು ದಿನವೂ ಏಳಕ್ಕೆ ಅದನ್ನು ಹಚ್ಚುತ್ತಿದ್ದರು. ಸಂಗತಿ ತಿಳಿದು ಅವರು ನಾಚಿ, ಇನ್ನು ಅದನ್ನು ಹಚ್ಚುವುದಿಲ್ಲವೆಂದು ಒಪ್ಪಿಕೊಂಡರಂತೆ. ೨೦೨೦ರ ಸೆಪ್ಟೆಂಬರಿನಲ್ಲಿ ಇದು ಲೋಕದ ಪತ್ರಿಕೆಗಳಲ್ಲೆಲ್ಲ ಬಂದಿತು. ಅಲ್ಲಿಯೂ ದಾರಿ ತೋರಿಸಿದ್ದು ಗಡಿಯಾರವೇ ಎಂಬುದನ್ನು ಗಮನಿಸಬೇಕು.

ಗಣಕಯಂತ್ರವು ಉಪದ್ರವವನ್ನು ಅನುಭವಿಸುವುದು ಮಾತ್ರವಲ್ಲ, ಇತರರಿಗೆ ಕೊಡುವುದೂ ಉಂಟು. ಅತ್ತೆಯ ಕಾಟವನ್ನು ಹೇಳಿಕೊಳ್ಳುವ ಸೊಸೆಯೂ ಮುಂದೊಂದು ದಿನ ಅತ್ತೆಯಾಗುವಳಷ್ಟೆ! ಅದರೊಳಗಿನ ಗಡಿಯಾರವು ಸೆಕೆಂಡಿಗೆ ಲಕ್ಷೋಪಲಕ್ಷ ಸಲ ಮಿಡಿಯುವುದು. ಆ ಮಿಡಿತವು ಹೊರಕ್ಕೂ ಸೋರುವುದು. ೧೯೭೫ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಟೀವ್ ಡಾಂಪಿಯರ್ ಎಂಬಾತನು ಆಲ್ಟೇರ್ ಎಂಬ ಮನೆಗಣಕದ ಮೇಲೆ ರೇಡಿಯೋವನ್ನಿಟ್ಟು, ಈ ಸೋರಿಕೆಯಿಂದಲೇ ಹಾಡನ್ನು ನುಡಿಸಿ ಗೆಳೆಯರನ್ನು ಬೆರಗುಗೊಳಿಸಿದನು. ಎಲ್ಲರೂ ಹೀಗೆ ಸಂತೋಷಪಡಲಿಲ್ಲ. ಅಕ್ಕಪಕ್ಕದ ಮನೆಗಳ ಟೆಲಿವಿಷನ್ ಚಿತ್ರ ಕೆಡತೊಡಗಿತು. ಅಮೆರಿಕದ ಸರಕಾರವು ಮನೆಗಣಕಗಳ ತರಂಗಕ್ಕೆ ಮಿತಿಯನ್ನು ಗೊತ್ತುಮಾಡಲು, ೧೯೭೭ರಿಂದ ಮಾರಾಟವಾಗುತ್ತಿದ್ದ ಟಿಆರ್‌ಎಸ್-೮೦ ಎಂಬ ಪ್ರಸಿದ್ಧ ಯಂತ್ರದ ಮೊದಲ ಮಾದರಿಯನ್ನು ೧೯೮೧ರಲ್ಲಿ ಅಲ್ಲಿನ ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ರೇಡಿಯೋ ಉಪದ್ರವಗಳನ್ನು ವಿಚಾರಿಸುವ ಅಂತರರಾಷ್ಟ್ರೀಯ ಸಮಿತಿಯು ಪ್ಯಾರಿಸಿನಲ್ಲಿ ಸೇರಿದ್ದು ೧೯೩೪ರಲ್ಲಿಯೇ, ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಆಕಾಶವಾಣಿಯನ್ನಾರಂಭಿಸಿದ್ದು ಅದರ ಮರುವರ್ಷ. ಎಂದರೆ ಕೇಳುವವರು ಹುಟ್ಟಿದಾಗಲೇ ಕೆಡಿಸುವವರೂ ಹುಟ್ಟಿದ್ದರು.

ಮನೆಯೊಳಗಿನ ಸಣ್ಣ ಶತ್ರುಗಳನ್ನು ಬೇಗ ಹೇಳಿ ಮುಗಿಸುವೆವು. ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ವೈಫೈ ತರಂಗವೂ ಸುಮಾರು ೨.೪ ಗಿಗಾಹರ್ಟ್ಸ್ ಎಂಬ ಒಂದೇ ಓಣಿಯಲ್ಲಿ ಓಡಾಡುವುದರಿಂದ, ಒಲೆ ನಡೆಯುವಾಗ ವೈಫೈ ನಿಧಾನವಾಗಬಹುದು. ಪೆಟ್ಟಿಗೆಯನ್ನು ದೂರವಿಟ್ಟರೆ ಅಥವಾ ೫ ಗಿಗಾಹರ್ಟ್ಸಿಗೆ ಬದಲಾಯಿಸಿದರೆ ಸರಿಹೋಗುವುದು. ನೀಲಿ ತೂತಿನ ಯುಎಸ್‌ಬಿ ೩ ಜೋಡಣೆಯ ಡಿಸ್ಕೂ ಅದೇ ಓಣಿಯಲ್ಲಿ ಗದ್ದಲ ಮಾಡುವುದು. ತಂತಿಯಿಲ್ಲದ ಇಲಿಯ ಗುಂಡಿಯನ್ನು ಅದರ ಪಕ್ಕದಲ್ಲಿ ಚುಚ್ಚಿದರೆ ಇಲಿ ತಡವರಿಸುವುದು. ಅಗ್ಗದ ಎಲ್‌ಇಡಿ ದೀಪಗಳಲ್ಲಿ ಶೋಧಕವನ್ನು ಹಾಕದೆ ನಾಲ್ಕು ಕಾಸು ಉಳಿಸಿರುತ್ತಾರೆ. ಅವುಗಳನ್ನು ಮೇಲೆ ಹೇಳಿದ ರೇಡಿಯೋದಿಂದಲೇ ಪರೀಕ್ಷಿಸಬಹುದು. ಕೆಲವು ತಂತಿಗಳ ತುದಿಯಲ್ಲಿ ಅಡಿಕೆಗಿಂತ ದಪ್ಪನಾದ ಕರಿಯ ಗಂಟೊಂದಿರುವುದಲ್ಲ, ಅದು ಅಲಂಕಾರವಲ್ಲ. ಒಳಗಿರುವ ಫೆರೈಟ್ ಎಂಬ ಪದಾರ್ಥವು ಅನ್ಯ ತರಂಗವನ್ನು ತಡೆಯುವುದು. ಜಾಲದ ಕೇಬಲಿನೊಳಗೆ ತಂತಿಗಳನ್ನು ಜೋಡಿ ಜೋಡಿಯಾಗಿ ತೆಂಗಿನ ನಾರಿನ ಹುರಿಯಂತೆ ಹೊಸೆದಿರುವುದೂ ಇದಕ್ಕಾಗಿಯೇ: ಹೊಸೆದಾಗ ಎರಡಕ್ಕೂ ಉಪದ್ರವವು ಸಮನಾಗಿ ತಗಲಿ, ವ್ಯತ್ಯಾಸವನ್ನು ಮಾತ್ರ ಓದುವ ಯಂತ್ರಕ್ಕೆ ಅದು ಇಲ್ಲದಂತೆಯೇ ಆಗುವುದು. ದೂರವಾಣಿಯ ಗ್ರಹಾಂ ಬೆಲ್ ಈ ಉಪಾಯಕ್ಕೆ ೧೮೮೧ರಲ್ಲಿ ಹಕ್ಕುಪತ್ರ ಪಡೆದನು.

ತರೀಕೆರೆಯಿಂದ ಲಕ್ಕವಳ್ಳಿಯ ಕಡೆಗೆ, ಕಾಡಂಚಿನ ತೋಟಗಳಲ್ಲಿ ಇನ್ನೊಂದು ಬಗೆಯುಂಟು. ಆನೆ ಹಂದಿಗಳನ್ನು ತಡೆಯಲು ಹಾಕಿದ ಸೌರ ಬೇಲಿಯು ಸುಮಾರು ಸೆಕೆಂಡಿಗೊಂದರಂತೆ ಮಿಡಿಯುವುದು. ಬಳ್ಳಿಯೋ ಹುಲ್ಲೋ ತಂತಿಗೆ ತಗಲಿ ಕಿಡಿ ಹಾರಿದರೆ ದೂರವಾಣಿಯಲ್ಲಿಯೂ ರೇಡಿಯೋದಲ್ಲಿಯೂ ಗಡಿಯಾರದಂತೆ ಟಿಕ್ ಟಿಕ್ ಎಂಬ ಸದ್ದು ಬರುವುದು. ಬಳ್ಳಿಯನ್ನು ಸವರಿ ಒಡೆದ ಪಿಂಗಾಣಿಯನ್ನು ಬದಲಾಯಿಸಿದರೆ ಸದ್ದೂ ನಿಲ್ಲುವುದು, ಬೇಲಿಯೂ ಬಲವಾಗುವುದು. (ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದು ಬೇರೆ ಮಾತು, ಅದು ಅಪರಾಧ, ಕೊಲೆಗೆ ಸಮಾನ.) ಇನ್ನು ಕಡೂರು ಅಜ್ಜಂಪುರಗಳಲ್ಲಿ ಕೆಲವರು ರೈಲನ್ನು ದೂರುವುದನ್ನು ಕೇಳಿದ್ದೇವೆ. ಬೆಂಗಳೂರು-ಹುಬ್ಬಳ್ಳಿ ಮಾರ್ಗವು ವಿದ್ಯುದೀಕರಣವಾಗಿ, ೨೦೨೩ರ ಜೂನ್ ೨೭ರಿಂದ ವಂದೇ ಭಾರತ್ ರೈಲೂ ಈ ಹಳಿಯ ಮೇಲೆಯೇ ಓಡತೊಡಗಿತು. ತಲೆಯ ಮೇಲಿನ ತಂತಿಯಲ್ಲಿ ೨೫,೦೦೦ ವೋಲ್ಟುಗಳಿರುವುದು ನಿಜ. ಹಳಿಯ ಪಕ್ಕದಲ್ಲೇ ಬಹುದೂರ ಸಾಗುವ ತಾಮ್ರದ ತಂತಿಗೆ ಅದರ ಪ್ರಭಾವ ತಗಲುವುದೂ ನಿಜ. ಆದರೆ ಅರ್ಧ ಮೈಲಿಯಾಚೆಯ ಮನೆಯಲ್ಲಿ ಗಂಟೆಗಟ್ಟಲೆ ಕಾಡುವ ತೊಂದರೆಯನ್ನು ನಿಮಿಷದೊಳಗೆ ಹಾದುಹೋಗುವ ರೈಲಿನ ತಲೆಗೆ ಕಟ್ಟುವುದು ಕಾಕತಾಲೀಯವಲ್ಲದೆ ಮತ್ತೇನು?

ಇಷ್ಟೆಲ್ಲವುಗಳಿಗಿಂತ ನಮಗೆ ಹೆಚ್ಚು ಮುಖ್ಯವಾಗಿ ತೋರುವುದು ಮೂರನೆಯ ತಂತಿ, ಎಂದರೆ ಭೂಮಿಗೆ ಹೋಗುವ ಅರ್ಥಿಂಗಿನ ತಂತಿ. ಗೋಡೆಯ ತೂತು ಹಳೆಯದೆಂದು ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿದು ಚುಚ್ಚಿರುವ ಮನೆಗಳನ್ನು ನಾವು ಒಂದಲ್ಲ, ಹತ್ತು ಕಂಡಿದ್ದೇವೆ. ಗಣಕದ ವಿದ್ಯುತ್ಪೆಟ್ಟಿಗೆಯೊಳಗೆ ಅನ್ಯ ತರಂಗಗಳನ್ನು ಸೋಸುವ ಸಣ್ಣ ಧಾರಕಗಳು ಎರಡಿರುತ್ತವೆ. ಅವು ಸೋಸಿದ ಕಸವನ್ನು ಚೆಲ್ಲುವುದು ಈ ಮೂರನೆಯ ತಂತಿಗೆ. ತಂತಿಯೇ ಇಲ್ಲದಿದ್ದರೆ ಕಸವು ಪೆಟ್ಟಿಗೆಯ ಮೈಮೇಲೆ ನಿಲ್ಲುವುದು. ಮೈಯು ೨೩೦ ವೋಲ್ಟಿನ ಅರ್ಧದಷ್ಟಕ್ಕೆ ಏರಿರುವುದು. ಮುಟ್ಟಿದಾಗ ಇರುವೆ ಹರಿದಂತೆ ಜುಮ್ಮೆನ್ನುವುದು ಇದೇ. ಆ ವಿದ್ಯುತ್ತು ಬಹು ಅಲ್ಪವಾದುದರಿಂದ ಅಷ್ಟಕ್ಕೇ ಯಾರೂ ಸಾಯುವುದಿಲ್ಲ. ಅದರಿಂದಲೇ ಜನರು ಅದನ್ನು ಸಲೀಸಾಗಿ ತೆಗೆದುಕೊಳ್ಳುತ್ತಾರೆ. ಆದರೆ ಜುಮ್ಮೆನ್ನುವ ಪೆಟ್ಟಿಗೆಯು ತನಗೆ ಭೂಸ್ಪರ್ಶವಿಲ್ಲವೆಂದು ಕೂಗಿ ಹೇಳುತ್ತಿರುವುದು. ಒಳಗಿನ ತಂತಿಯೊಂದು ಕಿತ್ತು ಮೈಗೆ ತಗಲಿದ ದಿನ, ಬರಿಗಾಲಿನಲ್ಲಿ ನಿಂತ ಮಗುವಿನ ಕೈ ಅದರ ಮೇಲಿದ್ದರೆ ಏನಾಗುವುದೆಂದು ಬರೆಯಲು ನಮಗೆ ಮನಸ್ಸಿಲ್ಲ.

ಕಡ್ಡಿಯಿದ್ದ ಮಾತ್ರಕ್ಕೆ ಸಾಲದು, ಅದರ ಆಚೆಗೆ ಭೂಮಿಯಿರಬೇಕು. ಕಡೂರಿನ ಬಯಲು ಸೀಮೆಯಲ್ಲಿ ಬೇಸಗೆಯಲ್ಲಿ ನೆಲವು ಒಣಗಿ ಬಿರಿಯುವುದು. ಒಣಗಿದ ಮಣ್ಣು ವಿದ್ಯುತ್ತನ್ನು ಒಲ್ಲದು. ಮಳೆಗಾಲದಲ್ಲಿ ಸರಿಯಾಗಿದ್ದ ಗುಂಡಿ ಚೈತ್ರಮಾಸಕ್ಕೆ ಹೆಸರಿಗೆ ಮಾತ್ರ ಗುಂಡಿ. ಇದ್ದಿಲು ಉಪ್ಪುಗಳನ್ನು ಹಾಕಿ ಮಾಡಿದ ಹಳೆಯ ಗುಂಡಿಗೆ ವಾರಕ್ಕೆರಡು ಕೊಡ ನೀರು ಹೊಯ್ಯುವ ಪದ್ಧತಿಯನ್ನು ಹಿರಿಯರು ಸುಮ್ಮನೆ ಇಡಲಿಲ್ಲ. ಪರವಾನಗಿಯುಳ್ಳ ವೈರಿಂಗಿನವರಿಂದ ವರ್ಷಕ್ಕೊಮ್ಮೆ ಅಳೆಯಿಸಿ, ೩೦ ಮಿಲಿ ಆಂಪಿಯರಿನ ಸೋರಿಕೆಗೇ ಕರೆಂಟನ್ನು ಕಡಿಯುವ ಸ್ವಿಚ್ಚನ್ನು ಹಾಕಿಸಿದರೆ ಖರ್ಚು ಒಂದು ಹೊಸ ಮೋಡೆಮ್ಮಿನಷ್ಟೇ ಆಗಬಹುದು. ನಲ್ಲಿಯ ಕೊಳಾಯಿಗೆ ತಂತಿ ಸುತ್ತಿ ಅರ್ಥಿಂಗ್ ಎಂದುಕೊಳ್ಳುವವರೂ ಇದ್ದಾರೆ. ಈಗಿನ ಕೊಳಾಯಿಯಲ್ಲಿ ಬಹುಭಾಗ ಪ್ಲಾಸ್ಟಿಕ್ಕು.

ಕಡೆಯದಾಗಿ ಸಿಡಿಲು. ಅಶ್ವಿನಿ, ಭರಣಿ, ಕೃತ್ತಿಕೆಗಳ ಗುಡುಗಿನ ಮಳೆಯಲ್ಲಿ ಸಿಡಿಲು ನಮ್ಮ ಮನೆಯ ಮೇಲೆಯೇ ಬೀಳಬೇಕೆಂದಿಲ್ಲ. ಹತ್ತಿರದ ತೆಂಗಿಗೆ ಬಿದ್ದರೂ ಅದರಲ್ಲಿ ಸಾವಿರಾರು ಆಂಪಿಯರು ಕ್ಷಣಾರ್ಧದಲ್ಲಿ ಇಳಿದು, ಫ್ಯಾರಡೆಯ ನಿಯಮದ ಪ್ರಕಾರ ಸುತ್ತಲಿನ ಉದ್ದ ತಂತಿಗಳಲ್ಲೆಲ್ಲ ಹೊಡೆತವನ್ನು ಹುಟ್ಟಿಸುವುದು. ಅಂಗಡಿಯಲ್ಲಿ ಮಾರುವ ಹೊಡೆತ ತಡೆಯುವ ಪಟ್ಟಿಗಳು ಒಳ್ಳೆಯವೇ. ಆದರೆ ಅವು ಹೊಡೆತವನ್ನು ನೂಕುವುದು ಅದೇ ಮೂರನೆಯ ತಂತಿಗೆ. ಮೊದಲ ಗುಡುಗು ದೂರದಲ್ಲಿ ಕೇಳಿದೊಡನೆ ಎದ್ದು ಗೋಡೆಯ ಪ್ಲಗ್ಗನ್ನೂ ದೂರವಾಣಿಯ ತಂತಿಯನ್ನೂ ಕಿತ್ತಿಡಬೇಕು. ಸ್ವಿಚ್ಚನ್ನು ಮಾತ್ರ ಆರಿಸಿದರೆ ಸಾಲದು, ಅಷ್ಟು ಸಣ್ಣ ಅಂತರವನ್ನು ಸಿಡಿಲು ಲೆಕ್ಕಿಸುವುದಿಲ್ಲ. ಗುಡುಗು ತಲೆಯ ಮೇಲೆಯೇ ಬಂದ ಬಳಿಕ ತಂತಿ ಮುಟ್ಟಲು ಹೋಗಬಾರದು; ಯಂತ್ರ ಹೋದರೆ ಹೋಗಲಿ. ಈಗ ಗಾಜಿನ ನೂಲಿನ ಅಂತರ್ಜಾಲವು ನಮ್ಮ ಊರುಗಳಿಗೂ ಬಂದಿದೆ. ಗಾಜು ಸಿಡಿಲನ್ನೂ ಪಂಪಿನ ಕಿಡಿಯನ್ನೂ ಹೊತ್ತು ತರಲಾರದು. ಆದರೆ ಅದರ ಪೆಟ್ಟಿಗೆಗೆ ಕರೆಂಟು ಕೊಡುವ ತಂತಿ ಹಿಂದಿನದೇ ಆದುದರಿಂದ, ಮಳೆ ಬರುವ ಮುನ್ನ ಅದನ್ನೂ ಕಿತ್ತಿಡತಕ್ಕದ್ದು.